ಡ್ರಮ್ಮರ್ ಜಾಗದಲ್ಲಿ ಯಂತ್ರ ಕೂತಾಗ

ಜಗತ್ತಿನ ಅತಿ ಚಿಕ್ಕ ಹಾಡು ಯಾವುದೆಂದು ಗಿನ್ನೆಸ್ ದಾಖಲೆಗಳಲ್ಲಿ ಹುಡುಕಿದರೆ ಸಿಗುವುದು ನಪಾಮ್ ಡೆತ್ ಎಂಬ ಇಂಗ್ಲಿಷ್ ತಂಡದ ‘ಯೂ ಸಫರ್’. ಅವಧಿ 1.316 ಸೆಕೆಂಡ್. ಕೇಳೋಣವೆಂದು ಕಿವಿಗೊಡುವಷ್ಟರಲ್ಲಿ ಮುಗಿದೇಹೋಗಿರುತ್ತದೆ. 1987ರ ‘ಸ್ಕಮ್’ ಆಲ್ಬಂನಲ್ಲಿರುವ ಈ ಹಾಡಿಗೆ ಗಿಟಾರ್ ನುಡಿಸಿದವರು ಬರ್ಮಿಂಗ್‌ಹ್ಯಾಮ್‌ನ ಜಸ್ಟಿನ್ ಬ್ರಾಡ್ರಿಕ್. ಧ್ವನಿಮುದ್ರಣದ ಹೊತ್ತಿಗೆ ಅವರಿಗೆ ಹದಿನೇಳರ ಆಸುಪಾಸು.

‘ಸ್ಕಮ್’ ಹೊರಬಂದ ಎರಡೇ ವರ್ಷಕ್ಕೆ, 1989ರ ನವೆಂಬರ್‌ನಲ್ಲಿ, ಅದೇ ಬ್ರಾಡ್ರಿಕ್ ತಮ್ಮ ಗೆಳೆಯ ಜಿ.ಸಿ. ಗ್ರೀನ್ ಜೊತೆ ಸೇರಿ ಗಾಡ್‌ಫ್ಲೆಶ್ ತಂಡದ ‘ಸ್ಟ್ರೀಟ್‌ಕ್ಲೀನರ್’ ತಂದರು. ಅದರ ಮೊದಲ ಹಾಡು ‘ಲೈಕ್ ರ‍್ಯಾಟ್ಸ್’. ವೇಗದ ಹುಚ್ಚು ಪೂರ್ತಿ ಇಳಿದಿತ್ತು. ಬದಲಿಗೆ ನಾಲ್ಕೂವರೆ ನಿಮಿಷದಷ್ಟು ಹೊತ್ತು ಒಂದೇ ಹದದಲ್ಲಿ ಬೀಳುವ ಏಟು, ಅದರ ಮೇಲೆ ಕೆರೆಯುವ ಬೇಸ್, ಕಿರುಚುವ ಗಿಟಾರ್, ಗಂಟಲು ಹರಿದುಕೊಂಡು ಬರುವ ಕೂಗು. ಇಂಡಸ್ಟ್ರಿಯಲ್ ಮೆಟಲ್ ಎಂಬ ಪ್ರಕಾರದ ಚರಿತ್ರೆ ಹೇಳುವವರು ಯಾರೂ ಈ ಹಾಡನ್ನು ದಾಟಿ ಹೋಗುವಂತಿಲ್ಲ. ಹಾಗಿದ್ದೂ ಇದು ಜನಪ್ರಿಯ ಹಾಡಲ್ಲ. ಇದನ್ನು ಕೇಳದವರೂ ಇದರ ಪ್ರಭಾವವನ್ನು ಮಾತ್ರ ಕೇಳಿರುತ್ತಾರೆ.

ಮೊದಲು ಊರಿನ ವಿಷಯ. ಹೆವಿ ಮೆಟಲ್ ಹುಟ್ಟಿದ್ದೇ ಬರ್ಮಿಂಗ್‌ಹ್ಯಾಮ್‌ನಲ್ಲಿ. 1965ರಲ್ಲಿ ಟೋನಿ ಐಯೊಮಿ ಎಂಬ ಹದಿನೇಳರ ಹುಡುಗ ಅಲ್ಲಿನ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹೋಯಿತು. ಎಡಗೈಯಿಂದ ಮೀಟುವವನಿಗೆ ತಂತಿ ಒತ್ತುವ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಗಿಟಾರಿಗೆ ತೆಳು ತಂತಿ ಹಾಕಿದ. ಮುಂದೆ ಬ್ಲ್ಯಾಕ್ ಸಬ್ಬತ್ ತಂಡದಲ್ಲಿ ತಂತಿಗಳನ್ನು ಇನ್ನೂ ಸಡಿಲಗೊಳಿಸಿ, ಶ್ರುತಿಯನ್ನು ಕೆಳಕ್ಕಿಳಿಸಿ ನುಡಿಸಿದ. ತಂತಿ ಸಡಿಲವಾದಷ್ಟೂ ಬೆರಳಿಗೆ ನೋವು ಕಡಿಮೆ, ಸದ್ದಿಗೆ ತೂಕ ಹೆಚ್ಚು. ಮುಂದಿನ ಅರ್ಧ ಶತಮಾನದ ಮೆಟಲ್ ಗಿಟಾರ್‌ ವಾದನಕ್ಕೆ ದಾರಿ ಹಾಕಿಕೊಟ್ಟದ್ದು ಈ ಹೊಂದಾಣಿಕೆಯೇ. ಅದೇ ತಂಡದ ಗಾಯಕ ಓಜಿ ಆಸ್ಬರ್ನ್ ಒಂದು ಕಾಲಕ್ಕೆ ಕಾರಿನ ಹಾರ್ನ್‌ಗಳ ಸದ್ದು ಪರೀಕ್ಷಿಸುವ ಕೆಲಸದಲ್ಲಿದ್ದವರು. ಪಕ್ಕದ ವಾಲ್ಸಾಲ್‌ನಲ್ಲಿ ಬೆಳೆದ ಜೂಡಸ್ ಪ್ರೀಸ್ಟ್‌ನ ರಾಬ್ ಹಾಲ್ಫರ್ಡ್, ಲೋಹದ ಕಾರ್ಖಾನೆಯ ಸುತ್ತಿಗೆಗಳ ಹೊಡೆತಕ್ಕೆ ಶಾಲೆಯ ಡೆಸ್ಕ್ ನಡುಗುತ್ತಿದ್ದುದನ್ನು ಹೇಳಿಕೊಂಡಿದ್ದಾರೆ.

ಆದರೆ ಆ ತಲೆಮಾರಿನವರಿಗೆ ಕಾರ್ಖಾನೆ ತಪ್ಪಿಸಿಕೊಳ್ಳಬೇಕಾದ ಜಾಗವಾಗಿತ್ತು. ಸಂಬಳ ಇತ್ತು, ಬಿಡುಗಡೆ ಇರಲಿಲ್ಲ. 1969ರಲ್ಲಿ ಹುಟ್ಟಿದ ಬ್ರಾಡ್ರಿಕ್ ಪ್ರಾಯಕ್ಕೆ ಬರುವಾಗ ಆ ಸಂಬಳವೂ ಇರಲಿಲ್ಲ. 1982ರ ಜನವರಿಯಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. ಕಾರು ಮತ್ತು ಲೋಹದ ಉದ್ಯಮವನ್ನೇ ನೆಚ್ಚಿಕೊಂಡಿದ್ದ ಬರ್ಮಿಂಗ್‌ಹ್ಯಾಮ್‌ ಸೀಮೆಗೆ ಹೊಡೆತ ಜೋರಾಗಿಯೇ ಬಿತ್ತು. 1985ರಲ್ಲಿ ಅದೇ ನಗರದ ಹ್ಯಾಂಡ್ಸ್‌ವರ್ತ್‌ನಲ್ಲಿ ಗಲಭೆಯೆದ್ದು ಅಂಗಡಿಗಳು ಸುಟ್ಟುಹೋದವು. ಸರ್ಕಾರ ಕಟ್ಟಿಸಿಕೊಟ್ಟ ಸಾಲು ಮನೆಗಳ ನಡುವೆ ಬೆಳೆದ ಹುಡುಗನಿಗೆ ಕಂಡದ್ದು ಕೆಲಸ ನಿಂತ ಊರು, ಹೋಗಲು ಜಾಗವಿಲ್ಲದ ಜನ. ಐಯೊಮಿಯ ಸಂಗೀತದಲ್ಲಿ ಕಾರ್ಖಾನೆಯ ಗಾಯವಿದೆ. ಬ್ರಾಡ್ರಿಕ್ ಸಂಗೀತದಲ್ಲಿ ಕಾರ್ಖಾನೆಯ ಯಂತ್ರವೇ ಇದೆ. ಮನುಷ್ಯರನ್ನು ಹೊರಗೆ ಹಾಕಿ ತಾನೊಂದೇ ಓಡುತ್ತಿರುವ ಯಂತ್ರ.

ಈ ಯಂತ್ರ ಮೆಟಲ್‌ಗೆ ಬಂದದ್ದು ಬೇರೆ ಕವಲಿನಿಂದ. 1970ರ ದಶಕದ ಮಧ್ಯದಲ್ಲಿ ಥ್ರಾಬಿಂಗ್ ಗ್ರಿಸಲ್ ಎಂಬ ಇಂಗ್ಲಿಷ್ ತಂಡ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಹೆಸರಿನಲ್ಲಿ ಟೇಪು, ಸಿಂಥಸೈಜರ್, ಗದ್ದಲಗಳನ್ನು ಸಂಗೀತವೆಂದು ಹೊರತಂದಿತು. ಬರ್ಲಿನ್‌ನ ಐನ್‌ಸ್ಟ್ಯುರ್ಜೆಂಡೆ ನೊಯ್‌ಬೌಟನ್ ತಂಡದವರು ಡ್ರಿಲ್ ಮಷೀನ್, ತಗಡು, ಕಬ್ಬಿಣದ ತುಂಡುಗಳನ್ನೇ ವೇದಿಕೆಗೆ ತಂದು ಬಾರಿಸಿದರು. ನ್ಯೂಯಾರ್ಕ್‌ನ ಸ್ವಾನ್ಸ್ ತಂಡ ನಿಧಾನಗತಿಯಲ್ಲೇ ಎಷ್ಟು ಕ್ರೂರವಾಗಿ ನುಡಿಸಬಹುದೆಂದು ತೋರಿಸಿತು. ಶಿಕಾಗೋದಲ್ಲಿ ಸ್ಟೀವ್ ಆಲ್ಬಿನಿಯ ಬಿಗ್ ಬ್ಲ್ಯಾಕ್ ತಂಡ ರೋಲೆಂಡ್ ಕಂಪನಿಯ ಡ್ರಮ್ ಮಷೀನ್ ಇಟ್ಟುಕೊಂಡು, ಅದನ್ನು ‘ರೋಲೆಂಡ್’ ಎಂಬ ಸದಸ್ಯನೆಂದೇ ನಮೂದಿಸುತ್ತಿತ್ತು. ಈ ನೀರೆಲ್ಲ ಹದಿಹರೆಯದ ಬ್ರಾಡ್ರಿಕ್ ಕುಡಿದದ್ದೇ. ಗಾಡ್‌ಫ್ಲೆಶ್‌ಗಿಂತ ಮೊದಲು ಅವರೂ ಗ್ರೀನ್ ಅವರೂ ಇದ್ದ ತಂಡದ ಹೆಸರು ‘ಫಾಲ್ ಆಫ್ ಬಿಕಾಸ್’. ಕಿಲ್ಲಿಂಗ್ ಜೋಕ್ ತಂಡದ ಹಾಡೊಂದರಿಂದ ಎತ್ತಿಕೊಂಡದ್ದು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಡ್ರಮ್ ಬಾರಿಸಲು ಬಾರದವರು ಅನಿವಾರ್ಯವಾಗಿ ಯಂತ್ರ ತಂದರು ಎಂದುಕೊಂಡರೆ ತಪ್ಪಾದೀತು. ಬ್ರಾಡ್ರಿಕ್ ಸ್ವತಃ ಡ್ರಮ್ಮರ್. ನಪಾಮ್ ಡೆತ್ ಬಿಟ್ಟ ಮೇಲೆ ಅವರು ಹೆಡ್ ಆಫ್ ಡೇವಿಡ್ ಎಂಬ ತಂಡದಲ್ಲಿ ಡ್ರಮ್‌ ಹಿಂದೆಯೇ ಕೂತಿದ್ದರು. ಆ ತಂಡದ 1988ರ ‘ಡಸ್ಟ್‌ಬೌಲ್’ ಆಲ್ಬಂ ನಿರ್ಮಿಸಿದವರು ಇದೇ ಆಲ್ಬಿನಿ. ಅಂದರೆ ಏಟು ಹೊಡೆಯುವ ಕೈ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಬ್ರಾಡ್ರಿಕ್ ಅವರಿಗೆ ಒಳಗಿನಿಂದ ಗೊತ್ತಿತ್ತು. ಗೊತ್ತಿದ್ದೇ ಆ ಜಾಗವನ್ನು ಅಲೆಸಿಸ್ ಕಂಪನಿಯ ಪುಟ್ಟ ಪೆಟ್ಟಿಗೆಗೆ ಬಿಟ್ಟುಕೊಟ್ಟರು.

ಆ ಪೆಟ್ಟಿಗೆ ಮಾಡುವುದೇನು? ಅದರ ಒಳಗೆ ಡ್ರಮ್ಮಿನ ಒಂದೊಂದು ಏಟಿನ ಧ್ವನಿಮುದ್ರಿಕೆ ಇರುತ್ತದೆ. ಯಾವ ಏಟು ಯಾವ ಮಾತ್ರೆಯಲ್ಲಿ ಬೀಳಬೇಕೆಂದು ಮೊದಲೇ ಬರೆದಿಟ್ಟರೆ ಗುಂಡಿ ಒತ್ತಿದೊಡನೆ ಹಾಗೆಯೇ ಬೀಳುತ್ತದೆ. ಮನುಷ್ಯ ಬಾರಿಸಿದರೆ ನೂರು ಏಟು ನೂರು ಬಗೆ. ಒಂದು ಕೂದಲೆಳೆಯಷ್ಟು ಮುಂಚೆ, ಇನ್ನೊಂದು ತುಸು ತಡ. ಒಂದು ಗಟ್ಟಿ, ಇನ್ನೊಂದು ಮೆದು. ಹಾಡಿನ ಕಾವು ಏರಿದಾಗ ಡ್ರಮ್ಮರ್ ತನಗರಿವಿಲ್ಲದೆ ಓಡುತ್ತಾನೆ, ದಣಿದಾಗ ಎಳೆಯುತ್ತಾನೆ. ನಮ್ಮ ಕಿವಿ ಈ ಏರಿಳಿತದಲ್ಲೇ ಇನ್ನೊಬ್ಬ ಮನುಷ್ಯ ಅಲ್ಲಿದ್ದಾನೆಂದು ಗುರುತಿಸುತ್ತದೆ. ‘ಲೈಕ್ ರ‍್ಯಾಟ್ಸ್’ನಲ್ಲಿ ಆ ಗುರುತು ಸಿಗುವುದೇ ಇಲ್ಲ. ಮೊದಲ ನಿಮಿಷದ ಏಟು ಎಷ್ಟು ಬಲದ್ದೋ ನಾಲ್ಕನೆಯ ನಿಮಿಷದ್ದೂ ಅಷ್ಟೇ. ಗಾಯಕ ಎಷ್ಟೇ ಕೂಗಿದರೂ ತಾಳ ಅವನತ್ತ ತಿರುಗಿಯೂ ನೋಡುವುದಿಲ್ಲ.

ಹಿಟ್ಟಿನ ಗಿರಣಿಯಲ್ಲಿ ನಿಂತು ಮಾತಾಡಿದವರಿಗೆ ಇದು ಗೊತ್ತು. ಗಿರಣಿ ನಮಗಾಗಿ ಸದ್ದು ತಗ್ಗಿಸುವುದಿಲ್ಲ. ನಾವೇ ದನಿ ಏರಿಸಬೇಕು, ಅದರ ಬಡಿತದ ನಡುವಿನ ಸಂದಿಯಲ್ಲಿ ಮಾತು ತೂರಿಸಬೇಕು. ಈ ಹಾಡಿನಲ್ಲಿ ಗಿಟಾರ್, ಬೇಸ್, ಕಂಠ ಮೂರೂ ಪಡುವ ಪಾಡು ಅದೇ. ಮೂರೂ ಮನುಷ್ಯರ ಕೈಬಾಯಿಯ ಕೆಲಸ, ಆದ್ದರಿಂದ ಅಲ್ಲಿ ಸಣ್ಣಪುಟ್ಟ ಹಿಂದುಮುಂದು ಇದ್ದೇ ಇರುತ್ತದೆ. ಯಂತ್ರದ ಏಟು ಮಾತ್ರ ಅಲುಗುವುದಿಲ್ಲ. ಅಲುಗದ ಏಟಿಗೂ ಅಲುಗುವ ತಂತಿಗೂ ನಡುವೆ ಉಳಿಯುವ ಈ ಸಣ್ಣ ಜಗ್ಗಾಟವೇ ಹಾಡಿಗೆ ತೂಕ ತರುತ್ತದೆ. ವಾಲ್ಯೂಮ್ ತಗ್ಗಿಸಿ ಕೇಳಿದರೂ ಹಾಡು ಭಾರವಾಗಿಯೇ ಕೇಳುವುದು ಇದರಿಂದಲೇ. ಗದ್ದಲವೊಂದೇ ಬಂಡವಾಳವಾಗಿದ್ದರೆ ವಾಲ್ಯೂಮಿನ ಜೊತೆ ಅದರ ಬಲವೂ ಇಳಿಯಬೇಕಿತ್ತು.

ಎರಡನೆಯ ಗುಟ್ಟು ಬೇಸ್ ಗಿಟಾರ್. ಸಾಮಾನ್ಯ ಮೆಟಲ್ ಹಾಡಿನಲ್ಲಿ ಬೇಸ್ ಗಿಟಾರಿನ ಬೆನ್ನಿಗೆ ನಿಂತಿರುತ್ತದೆ, ಕೇಳಿಸಿದರೆ ಪುಣ್ಯ. ಇಲ್ಲಿ ಗ್ರೀನ್ ಅವರ ಬೇಸ್ ಮುಂದಿದೆ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಬೇಸ್‌ನದು ಸುಮಾರು 41 ಸಲ. ಗಾಡ್‌ಫ್ಲೆಶ್ ಶ್ರುತಿಯನ್ನು ಅದಕ್ಕೂ ಕೆಳಗಿಳಿಸಿ, ಮೇಲೆ ಡಿಸ್ಟಾರ್ಷನ್ ಹಾಕುತ್ತದೆ. ಆಂಪ್ಲಿಫೈಯರ್‌ಗೆ ತಾಳಲಾರದಷ್ಟು ಸಂಕೇತ ಕೊಟ್ಟರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಅದರ ಅನೇಕ ಪಟ್ಟು ಎತ್ತರದ ಕಂಪನಗಳೂ ಹುಟ್ಟುತ್ತವೆ. ಹೀಗಾಗಿ ಬೇಸ್ ಏಕಕಾಲಕ್ಕೆ ಹೊಟ್ಟೆಯಲ್ಲೂ ಹಲ್ಲಿನಲ್ಲೂ ಕೇಳಿಸುತ್ತದೆ. ರಾಗದ ಕೆಲಸವನ್ನು ಬೇಸ್ ಕೈಗೆತ್ತಿಕೊಂಡದ್ದರಿಂದ ಬ್ರಾಡ್ರಿಕ್ ಗಿಟಾರಿಗೆ ಬೇರೆ ಕೆಲಸ ಸಿಕ್ಕಿತು. ಅದು ಸೋಲೋ ನುಡಿಸುವುದಿಲ್ಲ, ಚಳಕ ತೋರಿಸುವುದಿಲ್ಲ. ಅಪಸ್ವರಗಳನ್ನೂ ಫೀಡ್‌ಬ್ಯಾಕಿನ ಕೀರಲನ್ನೂ ಏಟುಗಳ ಮೇಲೆ ಹರಡುತ್ತ ಹೋಗುತ್ತದೆ.

ಮೂರನೆಯದನ್ನು ಮೆಟಲ್ ಅಭಿಮಾನಿಗಳು ಬಹುಕಾಲ ಒಪ್ಪಲು ಹಿಂಜರಿದರು. ಈ ತಾಳದ ನಂಟು ರಾಕ್‌ಗಿಂತ ಹಿಪ್‌ಹಾಪ್ ಜೊತೆಗೇ ಹೆಚ್ಚು. ಎರಿಕ್ ಬಿ. ಮತ್ತು ರಾಕಿಮ್, ಪಬ್ಲಿಕ್ ಎನಿಮಿಗಳ ಹಾಡುಗಳನ್ನು ಬ್ರಾಡ್ರಿಕ್ ಆಸೆಯಿಂದ ಕೇಳುತ್ತಿದ್ದರು. ನ್ಯೂಯಾರ್ಕಿನ ಕರಿಯ ಯುವಕರು ಯಂತ್ರದಲ್ಲಿ ಕಟ್ಟಿದ ಗತ್ತಿನ ತಾಳವನ್ನು ಬರ್ಮಿಂಗ್‌ಹ್ಯಾಮ್‌ನ ಈ ಬಿಳಿಯ ಹುಡುಗ ನಿಧಾನಗೊಳಿಸಿ, ಗತ್ತು ಕಳೆದು, ಒರಟುತನ ಉಳಿಸಿಕೊಂಡ. ತಲೆ ತೂಗಬೇಕೆನಿಸುತ್ತದೆ, ಆದರೆ ಖುಷಿಯಿಂದಲ್ಲ.

ಸಾಹಿತ್ಯದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕೆಲವೇ ಸಾಲು, ಮತ್ತೆ ಮತ್ತೆ. ಇಲಿಗಳಂತೆ ಹೆಚ್ಚಿ ಇಲಿಗಳಂತೆ ಬದುಕುವ ಮನುಷ್ಯಕುಲದ ಮೇಲಿನ ಹೇವರಿಕೆ. ಇಪ್ಪತ್ತರ ಹರೆಯದ ಸಿಟ್ಟು ಇದು, ಜಗತ್ತನ್ನು ಒಂದೇ ಏಟಿಗೆ ತಿರಸ್ಕರಿಸುವ ಸುಲಭದ ಸಿಟ್ಟು. ಕಾಗದದ ಮೇಲೆ ಓದಿದರೆ ತೆಳುವೆನಿಸುತ್ತದೆ. ಹಾಡಿನಲ್ಲಿ ಅದು ನಿಲ್ಲುವುದಕ್ಕೆ ಕಾರಣ, ಕೂಗುವವನು ಮೇಲೆ ನಿಂತು ಕೆಳಗಿನ ಜನರನ್ನು ಬೈಯುತ್ತಿರುವಂತೆ ಕೇಳಿಸುವುದಿಲ್ಲ. ಅವನೂ ಅದೇ ಬಿಲದೊಳಗಿದ್ದಾನೆ. ಯಂತ್ರದ ಕೆಳಗೆ ಸಿಕ್ಕಿಕೊಂಡ ದನಿ ಅವನದು. ಆಲ್ಬಂನ ಮುಖಪುಟದಲ್ಲಿರುವುದು ಕೆನ್ ರಸೆಲ್ ಅವರ 1980ರ ‘ಆಲ್ಟರ್ಡ್ ಸ್ಟೇಟ್ಸ್’ ಸಿನಿಮಾದ ಒಂದು ಚಿತ್ರ: ಬೆಂಕಿಯ ನಡುವೆ ಶಿಲುಬೆಗೇರಿದ ಆಕೃತಿಗಳು. ಒಳಗಿನ ಸದ್ದಿಗೆ ಅದು ಒಪ್ಪುತ್ತದೆ.

ಸಂಗೀತದಲ್ಲಿ ಯಂತ್ರ ಎಂದೊಡನೆ ನಮ್ಮ ಬೆಂಗಳೂರಿನ ಒಂದು ಕತೆಯೂ ನೆನಪಾಗಬೇಕು. 1970ರ ದಶಕದ ಕೊನೆಯಲ್ಲಿ ಇಲ್ಲಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಕಂಪನಿಯ ಶ್ರುತಿಪೆಟ್ಟಿಗೆ, ತಾಳದ ಪೆಟ್ಟಿಗೆಗಳು ಇಂದು ಎಷ್ಟೋ ಸಂಗೀತಗಾರರ ಮನೆಯಲ್ಲಿವೆ. ಕಚೇರಿಯ ವೇದಿಕೆಯ ಮೇಲೂ ಎಲೆಕ್ಟ್ರಾನಿಕ್ ತಂಬೂರಿ ಸದ್ದಿಲ್ಲದೆ ಜಾಗ ಪಡೆಯಿತು. ತಾಳದ ಪೆಟ್ಟಿಗೆ ಮಾತ್ರ ಸಾಧನೆಯ ಕೋಣೆಯಲ್ಲೇ ಉಳಿಯಿತು. ಕಚೇರಿಯಲ್ಲಿ ಗಾಯಕನ ಪಕ್ಕ ಮೃದಂಗದವರೋ ತಬಲಾದವರೋ ಕೂರಲೇಬೇಕು, ಏಕೆಂದರೆ ಅವರು ಗಾಯಕನನ್ನು ಕೇಳಿಸಿಕೊಂಡು ಉತ್ತರಿಸುತ್ತಾರೆ. ಶ್ರುತಿ ಬದಲಾಗಬಾರದು, ಆದ್ದರಿಂದ ಅದನ್ನು ಯಂತ್ರಕ್ಕೆ ಒಪ್ಪಿಸಬಹುದು. ಲಯಕ್ಕೆ ಮಾತ್ರ ಕಿವಿ ಇರಬೇಕು. ಗಾಡ್‌ಫ್ಲೆಶ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಕಿವಿಯಿಲ್ಲದ ಲಯವನ್ನೇ ವೇದಿಕೆಯ ನಡುವೆ ತಂದು ನಿಲ್ಲಿಸಿತು. ಕೇಳಿಸಿಕೊಳ್ಳದ ಒಂದು ವ್ಯವಸ್ಥೆಯ ಎದುರು ಇಬ್ಬರು ಮನುಷ್ಯರು ನಿಂತಿರುವುದೇ ಅವರ ವಸ್ತುವಾಗಿತ್ತು.

1989ರ ಕೊನೆಯ ತಿಂಗಳುಗಳು ಈ ಪ್ರಕಾರಕ್ಕೆ ಸುಗ್ಗಿ. ಅಮೆರಿಕದಲ್ಲಿ ನೈನ್ ಇಂಚ್ ನೇಲ್ಸ್‌ನ ಮೊದಲ ಆಲ್ಬಂ ‘ಪ್ರಿಟಿ ಹೇಟ್ ಮಷೀನ್’ ಬಂತು, ಶಿಕಾಗೋದ ಮಿನಿಸ್ಟ್ರಿ ತಂಡದ ‘ದ ಮೈಂಡ್ ಈಸ್ ಎ ಟೆರಿಬಲ್ ಥಿಂಗ್ ಟು ಟೇಸ್ಟ್’ ಬಂತು. ಹೆಸರು, ದುಡ್ಡು ಹೋದದ್ದು ಆ ಕಡೆಗೆ. ನೈನ್ ಇಂಚ್ ನೇಲ್ಸ್‌ನ ‘ವಿಶ್’ ಹಾಡಿಗೆ 1993ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆ ತಂಡಗಳ ಹಾಡಿನಲ್ಲಿ ಯಂತ್ರ ಇದ್ದರೂ ಅದಕ್ಕೆ ಓಟವಿದೆ, ಕುಣಿಸುವ ಗುಣವಿದೆ. ಗಾಡ್‌ಫ್ಲೆಶ್ ಹಾಗೆ ಕೇಳುಗನನ್ನು ಓಲೈಸಲಿಲ್ಲ. ನಾಟಿಂಗ್‌ಹ್ಯಾಮ್‌ನ ಸಣ್ಣ ಕಂಪನಿ ಇಯರೇಕ್ ಹೊರತಂದ ಅವರ ಆಲ್ಬಂ ಸಂಗೀತಗಾರರಿಂದ ಸಂಗೀತಗಾರರಿಗೆ ದಾಟುತ್ತ ಹೋಯಿತು.

ಆ ದಾಟುವಿಕೆಯ ಒಂದು ಸ್ಪಷ್ಟ ಕುರುಹು ಲಾಸ್ ಏಂಜಲೀಸ್‌ನ ಫಿಯರ್ ಫ್ಯಾಕ್ಟರಿ ತಂಡ. 1995ರ ತಮ್ಮ ‘ಡಿಮ್ಯಾನುಫ್ಯಾಕ್ಚರ್’ ಆಲ್ಬಂನಲ್ಲಿ ಅವರು ಹೆಡ್ ಆಫ್ ಡೇವಿಡ್‌ನ ‘ಡಾಗ್ ಡೇ ಸನ್‌ರೈಸ್’ ಹಾಡನ್ನು ಮತ್ತೆ ಹಾಡಿದ್ದಾರೆ. ಬ್ರಾಡ್ರಿಕ್ ಡ್ರಮ್ ಬಾರಿಸಿದ್ದ ‘ಡಸ್ಟ್‌ಬೌಲ್’ನ ಹಾಡು ಅದು. ಆದರೆ ಅದೇ ಆಲ್ಬಂನಲ್ಲಿ ತಮಾಷೆಯೊಂದಿದೆ. ಗಾಡ್‌ಫ್ಲೆಶ್ ಮನುಷ್ಯನನ್ನು ಏಳಿಸಿ ಯಂತ್ರವನ್ನು ಕೂರಿಸಿತ್ತು. ಫಿಯರ್ ಫ್ಯಾಕ್ಟರಿಯ ಡ್ರಮ್ಮರ್ ರೇಮಂಡ್ ಹೆರೇರಾ ಯಂತ್ರದಂತೆ ಬಾರಿಸುವುದನ್ನು ಕಲಿತರು. ಕಾಲಿನ ಏಟೂ ಗಿಟಾರಿನ ಕಡಿತವೂ ಒಂದಕ್ಕೊಂದು ಬೆಸೆದುಕೊಂಡು, ಇದು ಕೈಕಾಲಿನ ಕೆಲಸವೇ ಎಂದು ಸಂಶಯ ಬರುತ್ತದೆ. ಸ್ವೀಡನ್ನಿನ ಮೆಶುಗ್ಗಾ ತಂಡ ಇನ್ನೂ ಒಂದು ಹೆಜ್ಜೆ ಹೋಯಿತು. ಜಗತ್ತಿನ ಅತಿ ನುರಿತ ಮೆಟಲ್ ಡ್ರಮ್ಮರ್‌ಗಳಲ್ಲಿ ಒಬ್ಬರಾದ ಥಾಮಸ್ ಹಾಕೆ ತಂಡದಲ್ಲೇ ಇದ್ದರೂ, 2005ರ ‘ಕ್ಯಾಚ್ ಥರ್ಟಿತ್ರೀ’ ಆಲ್ಬಂನ ಡ್ರಮ್‌ಗಳನ್ನು ಕಂಪ್ಯೂಟರ್‌ನಲ್ಲೇ ಜೋಡಿಸಿದರು, ಹಾಗೆಂದು ಹೇಳಿಯೂ ಹೇಳಿದರು.

ಈ ನಡುವೆ ಗಾಡ್‌ಫ್ಲೆಶ್‌ಗೇ ಒಂದು ಅನುಮಾನ ಬಂದಂತಿದೆ. 1996ರ ಆಲ್ಬಂಗೆ ಬ್ರಯಾನ್ ಮ್ಯಾಂಟಿಯಾ, 2001ರದಕ್ಕೆ ಟೆಡ್ ಪಾರ್ಸನ್ಸ್ ಎಂಬ ನಿಜವಾದ ಡ್ರಮ್ಮರ್‌ಗಳನ್ನು ಕರೆಸಿಕೊಂಡರು. ಇಬ್ಬರೂ ಸಮರ್ಥರು, ಹಾಡುಗಳೂ ಕೆಟ್ಟವಲ್ಲ. ಆದರೆ ಡ್ರಮ್ಮರ್ ಗಾಯಕನಿಗೆ ಉತ್ತರಿಸತೊಡಗಿದ ಕೂಡಲೇ ಹಳೆಯ ಜಗ್ಗಾಟ ಮಾಯವಾಗಿ, ಒಳ್ಳೆಯದೊಂದು ರಾಕ್ ತಂಡ ಕೇಳಿಸತೊಡಗಿತು. ಗ್ರೀನ್ ಹೊರನಡೆದರು, 2002ರಲ್ಲಿ ತಂಡ ನಿಂತಿತು. 2010ರಲ್ಲಿ ಇಬ್ಬರೂ ಮತ್ತೆ ಒಂದಾದಾಗ ವೇದಿಕೆಯ ಮೇಲಿದ್ದದ್ದು ಅವರಿಬ್ಬರು ಮತ್ತು ಯಂತ್ರ. 2014ರ ‘ಎ ವರ್ಲ್ಡ್ ಲಿಟ್ ಓನ್ಲಿ ಬೈ ಫೈರ್’ನಿಂದ 2023ರ ‘ಪರ್ಜ್’ವರೆಗೆ ಅದೇ ಏರ್ಪಾಡು.

ಹಾಡಿನ ಬಲವೆಲ್ಲ ಯಂತ್ರದ್ದೇ ಎಂದುಕೊಂಡವರಿಗೆ ಒಂದು ಪ್ರತಿಸಾಕ್ಷಿಯೂ ಇದೆ. ಅಮೆರಿಕದ ಗಾಯಕ ಮಾರ್ಕ್ ಕೊಝಲೆಕ್ 2013ರಲ್ಲಿ ಬೇರೆಯವರ ಹಾಡುಗಳನ್ನು ಒಂದು ಗಿಟಾರ್ ಹಿಡಿದು ಮೆಲುದನಿಯಲ್ಲಿ ಹಾಡಿ ಆಲ್ಬಂ ತಂದರು. ಅದಕ್ಕೆ ಇಟ್ಟ ಹೆಸರೇ ‘ಲೈಕ್ ರ‍್ಯಾಟ್ಸ್’. ಡ್ರಮ್ ಇಲ್ಲ, ಡಿಸ್ಟಾರ್ಷನ್ ಇಲ್ಲ, ಕೂಗಿಲ್ಲ. ಆಗ ಒಳಗಿದ್ದ ಹತಾಶೆ ಬೆತ್ತಲಾಗಿ ಕಾಣುತ್ತದೆ. ಮೂಲದಲ್ಲಿ ಸಿಟ್ಟೆಂದು ಕೇಳಿಸಿದ್ದು ಇಲ್ಲಿ ಸೋಲೆಂದು ಕೇಳಿಸುತ್ತದೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಯಂತ್ರ ಆ ಹಾಡಿಗೆ ಏನು ಕೊಟ್ಟಿತು ಎಂಬುದು ಯಾವ ವಿವರಣೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಹೊಸಬರಿಗೆ ನನ್ನ ಸಲಹೆ ಇಷ್ಟು. ಮೊಬೈಲ್ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಅಷ್ಟು ಕೆಳಗಿನ ಬೇಸ್ ಅದರಲ್ಲಿ ಬರುವುದೇ ಇಲ್ಲ, ಉಳಿಯುವುದು ಕಿರಿಕಿರಿ ಮಾತ್ರ. ಒಳ್ಳೆಯ ಹೆಡ್‌ಫೋನ್ ಹಾಕಿ ಮೊದಲ ಸಲ ಬೇಸ್ ಹಿಂದೆ ಹೋಗಿ, ಎರಡನೆಯ ಸಲ ಡ್ರಮ್ ಒಂದನ್ನೇ ಹಿಡಿಯಿರಿ. ಇಷ್ಟವಾಗಲೇಬೇಕೆಂದೇನೂ ಇಲ್ಲ. ಈ ಹಾಡು ಯಾರ ಮೆಚ್ಚುಗೆಯನ್ನೂ ಬೇಡಿಕೊಂಡು ಬಂದದ್ದಲ್ಲ.

ಈ ಹಾಡಿನ ನಿಜವಾದ ಬಳುವಳಿ ಏನು ಎಂಬುದಕ್ಕೆ ಇಂದಿನ ಸ್ಟುಡಿಯೋಗಳನ್ನು ನೋಡಬೇಕು. ಈಗಿನ ಎಷ್ಟೋ ಮೆಟಲ್ ಆಲ್ಬಂಗಳಲ್ಲಿ ಡ್ರಮ್ಮರ್ ಬಾರಿಸಿದ ಏಟುಗಳನ್ನು ಸಾಫ್ಟ್‌ವೇರ್‌ನಲ್ಲಿ ಒಂದೊಂದಾಗಿ ಗೆರೆಗೆ ಸರಿಸುತ್ತಾರೆ, ಅವನ ಡ್ರಮ್ಮಿನ ಧ್ವನಿ ತೆಗೆದು ಮೊದಲೇ ಮುದ್ರಿಸಿಟ್ಟ ಇನ್ನೊಂದು ಏಟನ್ನು ಕೂರಿಸುತ್ತಾರೆ. ಕೊನೆಗೆ ಉಳಿಯುವುದು ಯಂತ್ರದ ಏಟು, ಮುಖಪುಟದಲ್ಲಿ ಇರುವುದು ಮನುಷ್ಯನ ಹೆಸರು. ಸಿನಿಮಾ ಹಾಡು, ಪಾಪ್ ಹಾಡುಗಳಲ್ಲಿ ಕಂಠಕ್ಕೂ ಇದೇ ಗತಿ. 1989ರಲ್ಲಿ ಡ್ರಮ್ ಮಷೀನ್ ಎಂದರೆ ಮೆಟಲ್ ಮಂದಿಗೆ ನಕಲಿ ಸರಕು. ಆ ಹೊತ್ತಿಗೆ ಇಬ್ಬರು ಹುಡುಗರು ಯಂತ್ರವನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಕಲಾವಿದರ ಪಟ್ಟಿಯಲ್ಲಿ ಅದರ ಹೆಸರೂ ಹಾಕಿ, ಅದು ಯಂತ್ರವೆಂದು ಕೇಳುಗನಿಗೆ ಒಂದು ಕ್ಷಣವೂ ಮರೆಯಗೊಡಲಿಲ್ಲ. ಇಡೀ ಹಾಡನ್ನೇ ಕೃತಕ ಬುದ್ಧಿಮತ್ತೆ ಕಟ್ಟಿಕೊಡುವ ಈ ಕಾಲದಲ್ಲಿ ಸಂಗೀತದೊಳಗೆ ಯಂತ್ರ ಬರಬಾರದು ಎಂದು ವಾದಿಸಿ ಗೆಲ್ಲುವುದು ಕಷ್ಟ. ಬಂದಿದ್ದರೆ ಬಂದಿದೆ ಎಂದು ಹೇಳಿ, ಮನುಷ್ಯ ಅದರ ಎದುರು ಏನು ಮಾಡಿದ ಎಂಬುದನ್ನೂ ಕೇಳಿಸಿ ಎಂದು ಒತ್ತಾಯಿಸಬಹುದು. ಮೂವತ್ತೈದು ವರ್ಷಗಳ ಹಿಂದೆಯೇ ಆ ಎರಡನ್ನೂ ಮಾಡಿ ಮುಗಿಸಿದ ಹಾಡು ನಮ್ಮೆದುರಿಗಿದೆ.